ಒಂದು ಕೈಗೆ ಮಾತ್ರ ತಂಪು

ಕಂಪ್ಯೂಟರು ಎಡಗೈ ಎಂದು ತೋರಿಸಿತು.

"ಎಡಗೈಯಾ?" ಗಿರಿಜಮ್ಮನವರಿಗೆ ನಂಬಿಕೆಯಾಗಲಿಲ್ಲ. "ಡಾಕ್ಟ್ರೇ, ಇನ್ನೊಂದ್ಸಲ ಒತ್ತಿ ನೋಡೀಮ್ಮ. ಎಲ್ಲೋ ತಪ್ಪಿ ಬಂದಿರಬೇಕು."

ಮೇಜಿನ ಆಚೆ ಕೂತಿದ್ದ ಡಾಕ್ಟರ್ ಸಿಂಚನಾ ನಕ್ಕಳು. ಚಿತ್ರದುರ್ಗದ ಕಡೆಯ ಹುಡುಗಿ. ದಿಲ್ಲಿಗೆ ಬಂದು ಕೆಲವು ವರ್ಷಗಳಾಗಿದ್ದವು. ಆ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನರಗಳ ಮೇಲೆ ಸಂಶೋಧನೆ ನಡೆಸುತ್ತಿದ್ದಳು.

"ಇದರಲ್ಲಿ ತಪ್ಪು ಸರಿ ಅಂತ ಇಲ್ಲಮ್ಮ. ಚೀಟಿ ಎತ್ತಿದ ಹಾಗೆ. ಬಂದದ್ದು ಬಂತು."

"ಹಾಗಾದ್ರೆ ಇನ್ನೊಂದು ಚೀಟಿ ಎತ್ತಿ."

"ಅಮ್ಮಾ, ಪ್ಲೀಸ್," ಎಂದಳು ಪಕ್ಕದಲ್ಲಿದ್ದ ಮಗಳು ಅಮಿತಾ. "ಇದೇನು ಸಬ್ಜಿ ಮಂಡಿನಾ, ಚೌಕಾಸಿ ಮಾಡೋಕೆ?"

ವಿಷಯ ಇಷ್ಟು. ಗಿರಿಜಮ್ಮನವರ ಎದೆಯಲ್ಲಿ ಸಿಕ್ಕಿದ್ದ ಗಂಟನ್ನು ಆಪರೇಷನ್ ಮಾಡಿ ತೆಗೆದಾಗಿತ್ತು. ಇನ್ನು ವಾರಕ್ಕೊಮ್ಮೆ, ಸುಮಾರು ಮೂರು ತಿಂಗಳು, ಮದ್ದಿನ ಡ್ರಿಪ್ಪು. ಆ ಮದ್ದು ರೋಗದ ಬೇರನ್ನು ಸುಡುತ್ತದೆ. ಜೊತೆಗೆ ಬೆರಳ ತುದಿಯ ನರಗಳನ್ನೂ ಸುಮ್ಮನೆ ಬಿಡುವುದಿಲ್ಲ. ಹಲವರಿಗೆ ಬೆರಳು ಜೋಮು ಹಿಡಿದು, ಮುಟ್ಟಿದ್ದು ಗೊತ್ತಾಗದಂತೆ ಆಗುತ್ತದೆ. ಕೆಲವರಿಗೆ ಅದು ಮದ್ದು ನಿಂತ ಮೇಲೂ ಉಳಿದುಬಿಡುತ್ತದೆ. ಡ್ರಿಪ್ ಹೋಗುವಷ್ಟು ಹೊತ್ತೂ ಕೈಯನ್ನು ಮಂಜುಗಡ್ಡೆಯಂಥ ಕೈಗವಸಿನಲ್ಲಿಟ್ಟರೆ ಬೆರಳಿನ ರಕ್ತನಾಳಗಳು ಮುದುಡಿಕೊಳ್ಳುತ್ತವೆ, ಮದ್ದು ಅಲ್ಲಿಗೆ ಕಡಿಮೆ ಹೋಗುತ್ತದೆ, ನರ ಉಳಿಯಬಹುದು ಎಂಬುದು ಒಂದು ಆಸೆ. ಅದು ಆಸೆಯೋ ನಿಜವೋ ತಿಳಿಯುವುದು ಸಿಂಚನಾಳ ಕೆಲಸ. ಅದಕ್ಕಾಗಿ ಒಬ್ಬರದೇ ಒಂದು ಕೈಗೆ ತಂಪು, ಇನ್ನೊಂದು ಕೈ ಬರಿದು. ಕೊನೆಯಲ್ಲಿ ಎರಡು ಕೈಗಳಿಗೂ ಏನು ವ್ಯತ್ಯಾಸ ಎಂದು ನೋಡುವುದು. ಯಾವ ಕೈ ಎಂಬುದನ್ನು ರೋಗಿಯೂ ಆರಿಸುವಂತಿಲ್ಲ, ಡಾಕ್ಟರೂ ಆರಿಸುವಂತಿಲ್ಲ.

"ನೋಡೀಮ್ಮ," ಎಂದರು ಗಿರಿಜಮ್ಮ, "ದೇವರ ಕೆಲಸವೆಲ್ಲ ನನ್ನ ಬಲಗೈಯಲ್ಲೇ ಆಗೋದು. ಎಡಗೈ ಏನಾದ್ರೂ ಆಗ್ಲಿ, ನಾನು ಕೇಳಲ್ಲ. ಅದಕ್ಕೆ ಹೋಗಿ ರಾಜೋಪಚಾರ ಮಾಡ್ತೀರಲ್ಲ!"

"ಎಲ್ಲರೂ ನಿಮ್ಮ ಹಾಗೇ ಬಲಗೈ ಕೇಳ್ತಾರೆ. ಕೇಳಿದವರಿಗೆಲ್ಲ ಕೊಟ್ರೆ ಆಮೇಲೆ ಬಂದ ವ್ಯತ್ಯಾಸ ತಂಪಿನದೋ, ಬಲಗೈಯದೋ ಹೇಗೆ ಹೇಳೋದು? ಬೇಡ ಅನ್ನಿಸಿದ್ರೆ ಬಿಟ್ಟುಬಿಡಿ ಅಮ್ಮ. ನಿಮ್ಮ ಚಿಕಿತ್ಸೆ ಎಂದಿನ ಹಾಗೇ ನಡೆಯುತ್ತೆ. ಯಾರೂ ಏನೂ ಅನ್ನಲ್ಲ. ಒಪ್ಪಿದ್ರೆ ಮಾತ್ರ, ತಂಪಿನ ಕೈ ತಂಪಿನಲ್ಲಿರಬೇಕು, ಬರಿಗೈ ಬರಿದಾಗೇ ಇರಬೇಕು."

ಗಿರಿಜಮ್ಮ ಸ್ವಲ್ಪ ಹೊತ್ತು ತಮ್ಮ ಎರಡು ಕೈಗಳನ್ನೂ ನೋಡಿಕೊಂಡರು. ಆಮೇಲೆ ಬಲಗೈಯಲ್ಲೇ ಸಹಿ ಮಾಡಿದರು.

ಅವರು ಒಪ್ಪಿದ್ದಕ್ಕೆ ಕಾರಣವಿತ್ತು. ಅವರ ಯಜಮಾನರು ವೆಂಕಟಸುಬ್ಬಯ್ಯನವರು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. ಬಹಳ ವರ್ಷದ ಸಕ್ಕರೆ ಕಾಯಿಲೆ ಅವರ ಪಾದಗಳ ನರಗಳನ್ನು ತಿಂದುಹಾಕಿತ್ತು. ಎರಡು ಚಳಿಗಾಲದ ಹಿಂದೆ ಒಂದು ಸಂಜೆ, ಹೀಟರಿನ ಮುಂದೆ ಕಾಲು ಚಾಚಿ ಪತ್ರಿಕೆ ಓದುತ್ತ ಕೂತಿದ್ದವರು ಒಳಗೆ ಕೂಗಿ ಹೇಳಿದ್ದರು: "ಗಿರಿಜಾ, ಒಲೆ ಮೇಲೇನಿಟ್ಟಿದ್ದೀಯ? ಸೀದು ಹೋಗ್ತಿದೆ ನೋಡು." ಒಲೆಯ ಮೇಲೆ ಏನೂ ಇರಲಿಲ್ಲ. ಸೀಯುತ್ತಿದ್ದುದು ಅವರ ಪಾದವೇ. ಆ ಗಾಯ ಮಾಯಲಿಲ್ಲ. ಆಸ್ಪತ್ರೆಯ ಕೊನೆಯ ದಿನಗಳಲ್ಲಿ ಗಿರಿಜಮ್ಮ ಇನ್ನೊಂದು ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿರುವಾಗಲೇ ಅವರು, "ಎಲ್ಲಿದ್ದೀಯೇ? ಬಂದು ಸ್ವಲ್ಪ ಕಾಲು ಒತ್ತಬಾರದೇ?" ಎಂದು ಕೇಳಿದ್ದರು. "ಒತ್ತುತ್ತಾ ಇದ್ದೀನಲ್ಲಾ," ಎಂದು ಹೇಳಲು ಗಿರಿಜಮ್ಮನವರಿಗೆ ಬಾಯಿ ಬಂದಿರಲಿಲ್ಲ. ಇನ್ನೂ ಬಿಗಿಯಾಗಿ ಒತ್ತಿದ್ದರು, ಅಷ್ಟೆ.

ಸ್ಪರ್ಶ ಹೋಗುವುದೆಂದರೆ ಏನೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಈಗ ಅವರು ಲೋಧಿ ಕಾಲೋನಿಯಲ್ಲಿ ಮಗಳ ಸರ್ಕಾರಿ ಮನೆಯಲ್ಲಿದ್ದರು. ಬೆಳಗ್ಗೆ ಪೂಜೆ ಮುಗಿದ ಮೇಲೆ ಗೆಜ್ಜೆವಸ್ತ್ರ ಮಾಡುವುದು ಅವರ ಕೆಲಸ. ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ, ತೆಳುವಾಗಿ ಚಾಚಿ, ನಡುನಡುವೆ ಹೊಸೆದು, ಗೆಜ್ಜೆಯಂತೆ ಗಂಟು ಬರಿಸಿ, ಕುಂಕುಮದ ಚುಕ್ಕೆ ಇಡುವುದು. ಎಷ್ಟು ಹೊಸೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹೆಬ್ಬೆರಳು ಮತ್ತು ತೋರುಬೆರಳೇ ಹೇಳಬೇಕು. ಕಣ್ಣಿಗೆ ಅದು ತಿಳಿಯುವುದಿಲ್ಲ. ದಿಲ್ಲಿಯ ಅಂಗಡಿಯಲ್ಲಿ ಅದೆಲ್ಲಿ ಸಿಗಬೇಕು? ಗೌರಿ ಹಬ್ಬ ಬಂತೆಂದರೆ ದ್ವಾರಕಾದಿಂದ, ನೋಯ್ಡಾದಿಂದ, ಗುರುಗ್ರಾಮದಿಂದಲೂ ಕನ್ನಡದ ಹೆಣ್ಣುಮಕ್ಕಳು ಬಂದು ಒಯ್ಯುತ್ತಿದ್ದರು. ಯಜಮಾನರು ಹೋದ ಮೇಲೆ ಹಬ್ಬ ಹುಣ್ಣಿಮೆಗಳಲ್ಲಿ ಗಿರಿಜಮ್ಮನವರ ಪಾಲಿಗೆ ಉಳಿದಿದ್ದುದು ಅದೊಂದೇ.

ಡ್ರಿಪ್ ಕೊಡುವ ಕೋಣೆಯಲ್ಲಿ ಸಾಲಾಗಿ ಒರಗು ಕುರ್ಚಿಗಳು. ಎದೆಯ ಮೇಲ್ಭಾಗದಲ್ಲಿ ಚರ್ಮದಡಿ ಕೂರಿಸಿದ್ದ ಪುಟ್ಟ ಬಿಲ್ಲೆಯ ಮೂಲಕ ಮದ್ದು ಒಳಗೆ ಹೋಗುತ್ತಿತ್ತು. ಹಾಗಾಗಿ ಕೈಗಳು ಬಿಡುವಾಗಿರುತ್ತಿದ್ದವು. ಮದ್ದು ಶುರುವಾಗುವ ಸ್ವಲ್ಪ ಮೊದಲು ಸಿಸ್ಟರ್ ಫ್ರೀಜರಿನಿಂದ ದಪ್ಪನೆಯ ನೀಲಿ ಕೈಗವಸು ತಂದು ಎಡಗೈಗೆ ತೊಡಿಸಿದಳು. ಮೊದಲು ಉರಿದಂತಾಯಿತು. ಆಮೇಲೆ ಮೂಳೆಯೊಳಗೆ ಯಾರೋ ತಿರುಪು ಹಾಕಿದಂತೆ ನೋವು.

"ಹತ್ತು ನಿಮಿಷ ಬೈಯಿರಿ, ಆಮೇಲೆ ಅಭ್ಯಾಸ ಆಗುತ್ತೆ," ಎಂದಳು ಪಕ್ಕದ ಕುರ್ಚಿಯ ಹೆಂಗಸು ಹಿಂದಿಯಲ್ಲಿ. ಅವಳ ಬಲಗೈಗೂ ಅಂಥದೇ ಕೈಗವಸು. ಹೆಸರು ಸಂತೋಷ್ ದಹಿಯಾ, ಸೋನಿಪತ್ ಕಡೆಯವಳು, ಮನೆಯಲ್ಲಿ ನಾಲ್ಕು ಎಮ್ಮೆ, ಮೂವರು ಸೊಸೆಯರು.

"ನಮ್ಮ ಕಡೆ ಸಂತೋಷ ಅನ್ನೋದು ಗಂಡಸರ ಹೆಸರು," ಎಂದರು ಗಿರಿಜಮ್ಮ, ದಿಲ್ಲಿಯಲ್ಲಿ ನಲವತ್ತು ವರ್ಷ ಕಳೆದರೂ ಕನ್ನಡದ ರಾಗ ಬಿಡದ ತಮ್ಮ ಹಿಂದಿಯಲ್ಲಿ.

"ಗಂಡಸರಿಗಾ? ನಮ್ಮೂರಲ್ಲಿ ಗಂಡಸರಿಗೆ ಹುಕ್ಕಾ ಕೊಟ್ಟಿದೀವಿ ಬಹನ್‌ಜಿ, ಹೆಸರಾದ್ರೂ ನಮಗಿರಲಿ ಬಿಡಿ!"

ಸಾಲಿನಲ್ಲಿದ್ದ ನಾಲ್ಕಾರು ಜನ ನಕ್ಕರು. ಗಿರಿಜಮ್ಮನವರಿಗೂ ನಗು ಬಂತು. ಆಸ್ಪತ್ರೆಗೆ ಬರಲು ಶುರುವಾದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಮದ್ದು ಹನಿಯತೊಡಗಿತು. ಗಿರಿಜಮ್ಮ ಅದನ್ನು ತೀರ್ಥವೆಂದೇ ಭಾವಿಸಿದರು. ಕಣ್ಣು ಮುಚ್ಚಿ, ದಿನವೂ ಪೂಜೆಯಲ್ಲಿ ಹೇಳುವ ನಾಮಾವಳಿಯನ್ನು ಮೆಲ್ಲಗೆ ಶುರುಮಾಡಿದರು. ಕೋಣೆಯಲ್ಲಿ ಚಳಿಯಾಗುವುದೆಂದು ಅಮಿತಾ ಕುತ್ತಿಗೆಯಿಂದ ಮಡಿಲವರೆಗೆ ಶಾಲು ಹೊದಿಸಿ, ಆಫೀಸಿಗೆ ಹೋಗಿ ಬರುತ್ತೇನೆಂದು ಹೊರಟಳು. ಹೀಗೆ ವಾರಗಳು ಕಳೆದವು. ದೀಪಾವಳಿ ಬಂತು, ಹೊಗೆ ಬಂತು, ಬೆಳಗಿನ ಮಂಜು ಬಂತು. ತಲೆಗೂದಲು ಹೋಯಿತು. ಬಾಯಿ ರುಚಿ ಹೋಯಿತು. ನಾಮಾವಳಿ ಮಾತ್ರ ಪ್ರತಿ ಡ್ರಿಪ್ಪಿನಲ್ಲೂ ಮೊದಲಿನಿಂದ ಕೊನೆಯವರೆಗೆ ತಪ್ಪದೆ ನಡೆಯುತ್ತಿತ್ತು.

ನಡುವೆ ಒಂದು ದಿನ ಬೆರಳುಗಳ ಪರೀಕ್ಷೆ. ಪರೀಕ್ಷೆ ಮಾಡುವವನು ದೀಪಾಂಶು ಎಂಬ ಹುಡುಗ, ರೋಹಿಣಿಯವನು. ಡ್ರಿಪ್ ಕೋಣೆಗೆ ಅವನು ಕಾಲಿಡುವಂತಿರಲಿಲ್ಲ. ಯಾರ ಯಾವ ಕೈಗೆ ತಂಪು ಎಂದು ಅವನಿಗೆ ತಿಳಿಯಕೂಡದು.

"ಅಮ್ಮಾಜಿ, ಅದೊಂದು ಬಿಟ್ಟು ಏನು ಬೇಕಾದರೂ ಮಾತಾಡಿ," ಎಂದ. "ಕಣ್ಣು ಮುಚ್ಚಿ. ಮುಟ್ಟಿದಾಗ ಹೂಂ ಅನ್ನಿ. ಕೆಲವು ಸಲ ನಾನು ಮುಟ್ಟೋದೇ ಇಲ್ಲ, ಸುಮ್ನೆ ಕೇಳ್ತೀನಿ. ಆಗ ಹೂಂ ಅಂದ್ರೆ ಸಿಕ್ಕಿಬೀಳ್ತೀರಿ."

ಕೂದಲಿನಷ್ಟು ಸಣ್ಣ ನೈಲಾನ್ ಎಳೆಯಿಂದ ಅವನು ಒಂದೊಂದೇ ಬೆರಳ ತುದಿಯನ್ನು ಮುಟ್ಟಿದ. ಗಿರಿಜಮ್ಮ ಒಂದನ್ನೂ ತಪ್ಪಿಸಲಿಲ್ಲ. ಬಟ್ಟೆಯ ಚೀಲದೊಳಗೆ ಕೈಬಿಟ್ಟು ಗುಂಡಿ ಯಾವುದು, ನಾಣ್ಯ ಯಾವುದು ಎಂದು ಹೇಳಿದರು.

"ಎರಡು ಕೈಯೂ ಒಂದೇ ಸಮ. ಕಮಾಲ್ ಹೈ!" ಎಂದ ದೀಪಾಂಶು.

ಮನೆಗೆ ಬಂದು ಗಿರಿಜಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಕಂಪ್ಯೂಟರು ಎಡಗೈಯನ್ನು ಕಾಯ್ದಿತು, ಶ್ರೀನಿವಾಸ ಬಲಗೈಯನ್ನು ಕಾಯ್ದ. ಅಮಿತಾಳಿಗೂ ಹಾಗೆಯೇ ಹೇಳಿದರು. ಅವಳು ತಾಯಿಯ ಬೆರಳುಗಳನ್ನು ಹಿಡಿದು ಮೆತ್ತಗೆ ಚಿವುಟಿ, "ಗೊತ್ತಾಯ್ತಾ?" ಎಂದು ಕೇಳಿ, ಅವರು "ಅಯ್ಯೋ, ಉಗುರು ಕತ್ತರಿಸ್ಕೊಳ್ಳೇ" ಎಂದಾಗ ಕಣ್ಣು ಒರೆಸಿಕೊಂಡಳು.

ಮರುವಾರ ಸಂತೋಷ್ ಚಹಾದ ಲೋಟ ಬೀಳಿಸಿದಳು. ಬರಿಗೈಯಲ್ಲಿ, ಎಂದರೆ ಎಡಗೈಯಲ್ಲಿ, ಹಿಡಿದಿದ್ದಳು. ಹಿಡಿದಿದ್ದೇನೆಂದೇ ಅಂದುಕೊಂಡಿದ್ದಳು.

"ಈ ಕೈ ಹೋಯ್ತು ಬಹನ್‌ಜಿ," ಎಂದಳು. "ತಂಪಿನ ಕೈ ಚೆನ್ನಾಗಿದೆ. ಇದರಲ್ಲಿ ಮಾತ್ರ, ಬೆರಳಿಗೆ ರಬ್ಬರ್ ತೊಡಿಸಿದ ಹಾಗೆ. ಎಮ್ಮೆ ಕೆಚ್ಚಲು ಹಿಡಿದ್ರೆ ಎಮ್ಮೆಗೇ ಸಂಶಯ, ಇವಳು ಯಾರಪ್ಪಾ ಅಂತ. ನಿಮಗೆ ಹೇಗಿದೆ?"

"ದೇವರು ದೊಡ್ಡವನು. ನನಗೆ ಎರಡೂ ಚೆನ್ನಾಗಿದೆ."

"ಹೌದಾ? ತೋರಿಸಿ."

ಸಂತೋಷ್ ಬಾಗಿ ಗಿರಿಜಮ್ಮನವರ ಶಾಲನ್ನು ಸರಿಸಿದಳು. ಶಾಲಿನ ಕೆಳಗೆ ಎರಡು ಕೈಗಳೂ ಒಂದಕ್ಕೊಂದು ಕೂಡಿಕೊಂಡಿದ್ದವು. ನೀಲಿ ಕೈಗವಸಿನ ಮೇಲೆ ಬಲಗೈಯ ಅಂಗೈ, ಐದು ಬೆರಳುಗಳೂ, ಅಂಟಿದಂತೆ ಕೂತಿದ್ದವು. ಸಂತೋಷ್ ತನ್ನ ಮೊಣಕೈಯ ಒಳಭಾಗವನ್ನು ಆ ಬೆರಳುಗಳಿಗೆ ತಾಗಿಸಿ ನೋಡಿ ಹೌಹಾರಿದಳು.

"ಅರೆ! ಇದೂ ಐಸಾಗಿದೆಯಲ್ಲ!"

ಗಿರಿಜಮ್ಮ ತಮ್ಮ ಕೈಗಳನ್ನು ತಾವೇ ಹೊಸದಾಗಿ ನೋಡಿದರು. ಬಲಗೈ ಬೆಳ್ಳಗಾಗಿ ಮುದುಡಿತ್ತು. ನಾಮಾವಳಿ ಶುರುಮಾಡುವಾಗ ಕೈ ಮುಗಿಯುವುದು, ಮಂಗಳ ಹೇಳುವವರೆಗೂ ಬಿಡದಿರುವುದು: ಚಿಕ್ಕಂದಿನಲ್ಲಿ ತಾಯಿ ಕೂರಿಸಿ ಕಲಿಸಿದ್ದು. ಕೈ ಮುಗಿಯುತ್ತೇನೆಂದು ಅವರು ಎಂದೂ ನೆನೆದು ಮುಗಿದವರಲ್ಲ, ಉಸಿರಾಡುವಂತೆ ಮುಗಿದವರು. ಬಲಗೈ ತಣ್ಣಗಾಗುತ್ತಿರಲಿಲ್ಲವೇ? ಆಗುತ್ತಿತ್ತು. ಇಡೀ ಮೈಯೇ ಚಳಿಗೆ ನಡುಗುತ್ತಿರುವಾಗ ಒಂದು ಅಂಗೈಯ ಲೆಕ್ಕ ಯಾರಿಗೆ?

"ಹೇಳಬೇಡಿ ಯಾರಿಗೂ," ಎಂದು ಸಂತೋಷ್ ಪಿಸುಗುಟ್ಟಿ ಶಾಲನ್ನು ಮತ್ತೆ ಎಳೆದಳು. "ಭಗವಂತನೇ ದಾರಿ ತೋರಿಸಿದಾನೆ."

ಆ ಸಂಜೆ ಅಮಿತಾಳೂ ಅದನ್ನೇ ಹೇಳಿದಳು, ಇನ್ನೂ ಜೋರಾಗಿ.

"ಅಮ್ಮಾ, ನೀನೇನು ಕದ್ದಿದೀಯಾ? ದೇವರಿಗೆ ಕೈ ಮುಗಿದೆ. ಬಸ್. ಇನ್ನು ಉಳಿದಿರೋದೇ ಮೂರೋ ನಾಲ್ಕೋ ಡ್ರಿಪ್ಪು. ಹಾಗೇ ಮುಗಿಸು."

"ಬರಿಗೈ ಬರಿದಾಗೇ ಇರಬೇಕು ಅಂದಿದ್ದಳಲ್ಲೇ ಆ ಹುಡುಗಿ. ನಾನು ಒಪ್ಪಿ ಸಹಿ ಹಾಕಿದೀನಿ."

"ಹೇಳಿದ್ರೆ ಏನಾಗುತ್ತೆ ಗೊತ್ತಲ್ಲ? ಕೈ ದೂರ ಇಡಿ ಅಂತಾರೆ. ಆಮೇಲೆ ಆ ಸಂತೋಷ್ ಆಂಟಿ ಥರ..." ಅಮಿತಾಳ ದನಿ ಒಡೆಯಿತು. "ಅಪ್ಪನ ಕಾಲು ನೋಡಿದೀನಿ ನಾನು. ನಿನ್ನ ಕೈನೂ ಹಾಗೆ ನೋಡೋಕೆ ನನ್ನಿಂದ ಆಗಲ್ಲ. ನಹೀಂ ಹೋಗಾ ಮುಝ್‌ಸೆ."

ಮಗಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಗಿರಿಜಮ್ಮನವರ ಒಳಗೂ ಅದೇ ಮಾತು ಕೂತಿತ್ತು. ನಡೆದದ್ದು ತಿಳಿಯದೆ ನಡೆದದ್ದು, ಅದಕ್ಕೆ ದೋಷವಿಲ್ಲ. ಆದರೆ ಮುಂದಿನ ವಾರ ಕೈ ಮುಗಿದರೆ ಅದು ತಿಳಿದು ಮುಗಿದದ್ದಾಗುತ್ತದೆ. ಹೇಳಿದರೆ ಬಲಗೈ ಹೋಗಬಹುದು. ಹೇಳದಿದ್ದರೆ ಉಳಿಯುತ್ತದೆ. ಇಷ್ಟು ಸರಳವಾಗಿತ್ತು ಅದು. ಆದ್ದರಿಂದಲೇ ಕಷ್ಟವಾಗಿತ್ತು.

ಮುಂದಿನ ವಾರ ಅವರು ಎಂದಿನಂತೆ ಕುರ್ಚಿಗೆ ಒರಗಿದರು. ಕೈಗವಸು ಬಂತು, ಶಾಲು ಬಂತು. ಬಲಗೈ ತಾನೇ ಹೋಗಿ ಎಡಗೈಯ ಮೇಲೆ ಕೂತಿತು. ಗಿರಿಜಮ್ಮ ಅದನ್ನು ತೆಗೆಯಲಿಲ್ಲ. ಕಣ್ಣು ಮುಚ್ಚಿ ನಾಮಾವಳಿ ಶುರುಮಾಡಿದರು. ಸ್ವಲ್ಪ ದೂರ ಹೋಗಿ ಅದು ನಿಂತಿತು. ಮುಂದಿನ ನಾಮ ಬರಲಿಲ್ಲ. ಮತ್ತೆ ಮೊದಲಿನಿಂದ ಹೇಳಿದರು. ಮತ್ತೆ ಅಲ್ಲಿಯೇ ನಿಂತಿತು. ಗಂಡನ ಶವದ ಪಕ್ಕದಲ್ಲಿ ಕೂತಾಗಲೂ ಒಂದು ನಾಮ ತಪ್ಪಿರಲಿಲ್ಲ ಅವರಿಗೆ.

ಕಣ್ಣು ತೆರೆದರು. ಪಕ್ಕದಲ್ಲಿ ಸಂತೋಷ್ ಬಿಸ್ಕತ್ ಪೊಟ್ಟಣ ಬಿಡಿಸಲು ಒದ್ದಾಡುತ್ತಿದ್ದಳು. ಒಂದು ಕೈ ಕೈಗವಸಿನಲ್ಲಿ; ಇನ್ನೊಂದರ ಬೆರಳಿಗೆ ಪೊಟ್ಟಣದ ಅಂಚು ಸಿಗುತ್ತಿರಲಿಲ್ಲ. ಕೊನೆಗೆ ಹಲ್ಲಿನಿಂದ ಹರಿದಳು. ಬಿಸ್ಕತ್ತುಗಳು ಮಡಿಲಲ್ಲಿ ಚೆಲ್ಲಿದವು. "ಎಮ್ಮೆಗಳಿಗಿಂತ ನಾನೇ ಗಲೀಜು ಮಾಡ್ತೀನಿ," ಎಂದು ನಕ್ಕು ಒಂದನ್ನು ಗಿರಿಜಮ್ಮನವರ ಕಡೆ ಚಾಚಿದಳು.

ಆಗ ಗಿರಿಜಮ್ಮನವರಿಗೆ ಒಂದು ವಿಷಯ ಹೊಳೆಯಿತು. ಈ ಹೆಂಗಸಿನ ಕೈ ಒಂದು ಸಾಕ್ಷಿ ಹೇಳುತ್ತಿದೆ: ತಂಪು ಇಟ್ಟ ಕೈ ಉಳಿಯಿತು, ಇಡದ ಕೈ ಹೋಯಿತು ಎಂದು. ನನ್ನ ಕೈ ಏನು ಹೇಳುತ್ತಿದೆ? ತಂಪು ಇಟ್ಟರೂ ಒಂದೇ, ಇಡದಿದ್ದರೂ ಒಂದೇ ಎಂದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಇವಳು ಕೊಟ್ಟ ಬೆರಳುಗಳ ಮಾತನ್ನು ನಾನು ದೇವರ ನಾಮ ಹೇಳುತ್ತ ಕೂತು ಅಳಿಸುತ್ತಿದ್ದೇನೆ. ನಾಳೆ ಯಾವಳೋ ಹೆಣ್ಣುಮಗಳಿಗೆ, ಇದರಿಂದ ಉಪಯೋಗವಿಲ್ಲವಂತೆ ಎಂದು ಡಾಕ್ಟರು ಹೇಳಿದರೆ?

ಅವರು ಬಲಗೈಯನ್ನು ಕಿತ್ತು ಶಾಲಿನ ಹೊರಗೆ ಇಟ್ಟರು. ಸಿಸ್ಟರನ್ನು ಕರೆದು, ಡಾಕ್ಟರ್ ಸಿಂಚನಾರನ್ನು ಬರಹೇಳು ಎಂದರು.

ಸಿಂಚನಾ ಬಂದು ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಕೇಳಿದಳು. ಶಾಲು ಸರಿಸಿ, ಕೈಗವಸಿನ ಮೇಲೆ ಅವರ ಅಂಗೈಯನ್ನು ತಾನೇ ಇಡಿಸಿ ನೋಡಿದಳು. ಆಮೇಲೆ ಹಣೆ ಒತ್ತಿಕೊಂಡಳು.

"ಬೈಯಮ್ಮ, ಪರವಾಗಿಲ್ಲ," ಎಂದರು ಗಿರಿಜಮ್ಮ.

"ನಿಮ್ಮನ್ಯಾಕೆ ಬೈಯಲಿ? ನನಗೆ ನಾನೇ ಬೈಕೋತಾ ಇದ್ದೀನಿ. ಕೈಗವಸು ಹೇಗೆ ಹಾಕಬೇಕು, ಎಷ್ಟು ಹೊತ್ತು ಇಡಬೇಕು ಎಲ್ಲ ಬರೆದೆ. ಬೇರೆ ದೇಶದಲ್ಲಿ ಮಾಡಿದ್ದನ್ನೆಲ್ಲ ಓದಿದೆ. ಅಲ್ಲಿ ಯಾರೂ ಒಂದೂವರೆ ಗಂಟೆ ಕೈ ಮುಗಿದು ಕೂತಿರಲಿಲ್ಲವಲ್ಲ! ಇಲ್ಲಿ ಕೂತಿರ್ತಾರೆ ಅಂತ ನನಗೆ ಹೊಳೀಬೇಕಿತ್ತು. ನಮ್ಮಜ್ಜಿ ಬಸ್ಸಲ್ಲೂ ಹಾಗೇ ಕೂರೋರು." ಅವಳು ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದಳು. ಮೂಲೆಯಲ್ಲಿ ಇನ್ನೊಬ್ಬ ಮುದುಕಿ ಶಾಲು ಹೊದ್ದು ಕಣ್ಣು ಮುಚ್ಚಿಕೊಂಡು ತುಟಿ ಆಡಿಸುತ್ತಿದ್ದಳು. "ಅಯ್ಯೋ ದೇವರೇ," ಎಂದಳು ಸಿಂಚನಾ.

"ನನ್ನದನ್ನ ಅಳಿಸಿಹಾಕಿಬಿಡು ತಾಯಿ. ಲೆಕ್ಕಕ್ಕೆ ಹಿಡೀಬೇಡ."

"ಅಳಿಸೋ ಹಾಗಿಲ್ಲಮ್ಮ. ನನಗೆ ಬೇಡವಾದದ್ದನ್ನ ಅಳಿಸ್ತಾ ಹೋದ್ರೆ ಅದು ಸಂಶೋಧನೆ ಆಗಲ್ಲ. ಆದದ್ದನ್ನ ಆದ ಹಾಗೇ ಬರೆದಿಡಬೇಕು, ಹೀಗಾಯ್ತು ಅಂತ. ಇದರ ಮೇಲೆ ಕಣ್ಣಿಟ್ಟಿರೋ ನಮ್ಮ ಆಸ್ಪತ್ರೆ ಸಮಿತಿಗೂ ತಿಳಿಸಬೇಕು." ಅವಳು ಸ್ಟೂಲನ್ನು ಹತ್ತಿರ ಎಳೆದುಕೊಂಡಳು. "ಈಗ ನಿಮ್ಮ ವಿಷಯ. ಇವತ್ತೇ ನೀವು ಇದರಿಂದ ಹೊರಗೆ ಬರಬಹುದು. ಆಮೇಲೆ ನಿಮ್ಮ ದೊಡ್ಡ ಡಾಕ್ಟರನ್ನ ಕೇಳಿ ಎರಡೂ ಕೈಗೂ ಕೈಗವಸು ಹಾಕಿಸ್ತೀನಿ. ಅದರಿಂದ ಖಂಡಿತ ಉಪಯೋಗ ಅಂತ ನಾನು ಮಾತು ಕೊಡಲಾರೆ, ಆದ್ರೆ ಹಾಕಿಸಬಹುದು. ಇಲ್ಲಾ, ಉಳೀತೀನಿ ಅಂದ್ರೆ ಕೈಗಳು ಬೇರೆ ಬೇರೆ ಇರಬೇಕು. ಜೋಮು ಮಿತಿ ಮೀರಿದ್ರೆ ನಾನೇ ನಿಲ್ಲಿಸ್ತೀನಿ. ಯೋಚನೆ ಮಾಡಿ. ನನ್ನ ಮುಖ ನೋಡಿ ಹೇಳಬೇಡಿ."

ಗಿರಿಜಮ್ಮ ಇದನ್ನು ನಿರೀಕ್ಷಿಸಿರಲಿಲ್ಲ. ತಪ್ಪು ಒಪ್ಪಿಕೊಂಡರೆ ಕೈ ಕೊಡಬೇಕಾಗುತ್ತದೆ ಎಂದುಕೊಂಡು ಬಂದವರಿಗೆ ಎರಡೂ ಕೈ ಉಳಿಸಿಕೊಳ್ಳುವ ದಾರಿ ತೆರೆದಿತ್ತು. ಹೊರಗೆ ಬರುತ್ತೇನೆ ಎಂದರೆ ಸಾಕು. ಅಮಿತಾ ಕುಣಿದಾಡಿಬಿಡುತ್ತಾಳೆ. ಅವರ ನಾಲಿಗೆಯ ತುದಿಯವರೆಗೂ ಆ ಮಾತು ಬಂತು.

"ನಾನು ಈಗ ಬಿಟ್ಟು ಹೋದ್ರೆ ನಿನಗೆ ನನ್ನಿಂದ ಏನು ಸಿಕ್ಕ ಹಾಗಾಯ್ತು?" ಎಂದು ಕೇಳಿದರು.

"ಕೈ ಮುಗಿಯೋದನ್ನ ಗಮನಿಸಬೇಕು ಅನ್ನೋದು ಸಿಕ್ತು. ಅದು ಕಮ್ಮಿಯೇನಲ್ಲ."

"ಉಳಿದ್ರೆ?"

ಸಿಂಚನಾ ತಡೆದು ಹೇಳಿದಳು: "ಉಳಿದ್ರೆ, ಕೈ ಜೋಡಿಸಿದಾಗ ಹೀಗಿತ್ತು, ಬಿಡಿಸಿದ ಮೇಲೆ ಹೀಗಾಯ್ತು ಅಂತ ಒಬ್ಬರಲ್ಲೇ ನೋಡೋ ಹಾಗಾಗುತ್ತೆ. ಒಬ್ಬರಿಂದ ಏನೂ ಸಾಬೀತಾಗಲ್ಲಮ್ಮ. ಆದ್ರೆ ಮುಂದೆ ಏನು ಕೇಳಬೇಕು ಅನ್ನೋದು ಗೊತ್ತಾಗುತ್ತೆ."

ಗಿರಿಜಮ್ಮ ಕತ್ತೆತ್ತಿ ಮದ್ದಿನ ಚೀಲ ನೋಡಿದರು. ಡ್ರಿಪ್ಪಿನ ಹನಿ ಬೀಳುತ್ತಿತ್ತು. ಯಜಮಾನರ ಕಾಲಕ್ಕೆ ಇಂಥದೊಂದನ್ನು ಯಾರಾದರೂ ಎಲ್ಲೋ ಕೂತು ಹುಡುಕಿಟ್ಟಿದ್ದರೆ ಎಂದು ಅವರ ಮನಸ್ಸು ಒಂದು ಗಳಿಗೆ ಆ ಕಡೆ ಹೋಗಿ ಬಂತು.

"ಎರಡು ದಿಂಬು ತರಿಸು," ಎಂದರು ಕೊನೆಗೆ. "ಆ ಕಡೆಗೊಂದು, ಈ ಕಡೆಗೊಂದು. ನನ್ನ ಕೈಯನ್ನ ನಾನೇ ನಂಬೋ ಹಾಗಿಲ್ಲ, ಬಲಗೈ ದಿಂಬಿಗೆ ಒಂದು ಪಟ್ಟಿ ಸುತ್ತಿ ಕಟ್ಟು. ಮತ್ತೆ ಒಂದು ಕೇಳ್ತೀನಿ. ಕೈ ಮುಗಿಯದೆ ನಾಮ ಹೇಳಬಹುದೇನಮ್ಮ?"

"ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಅಮ್ಮ," ಎಂದಳು ಸಿಂಚನಾ. ಅವಳ ಕಣ್ಣು ತುಂಬಿತ್ತು, ನಗುತ್ತಲೂ ಇದ್ದಳು.

ಸಂತೋಷ್‌ಗೆ ಕನ್ನಡ ಬಾರದು. ಆದರೂ ವಿಷಯ ತಿಳಿದುಹೋಯಿತು. "ಹುಚ್ಚಿ ನೀವು," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಬಿಸ್ಕತ್ ತಿನ್ನಿಸ್ಲಾ? ಎರಡು ಕೈನೂ ಕಟ್ಟಿಹಾಕಿಕೊಂಡಿದೀರಲ್ಲ," ಎಂದು ಒಂದನ್ನು ಬಾಯಿಗೇ ಇಟ್ಟಳು. ನಾಮಾವಳಿ ಆ ದಿನ ಪೂರ್ತಿಯಾಗಲಿಲ್ಲ. ಮರುವಾರ ಆಯಿತು.

ಅಮಿತಾ ಎರಡು ದಿನ ತಾಯಿಯೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಸಿಂಚನಾಳಿಗೆ ಫೋನ್ ಮಾಡಿ ಅರ್ಧ ಗಂಟೆ ಪ್ರಶ್ನೆ ಕೇಳಿದಳು. ಆಮೇಲೆ ಬಂದು, "ಹೀಟರ್ ಹತ್ರ ನೀನು ಕೂರಂಗಿಲ್ಲ. ಒಲೆ ಹತ್ರ ಬಲಗೈ ಚಾಚಂಗಿಲ್ಲ. ಇದು ನನ್ನ ಶರತ್ತು. ಚಲೋ, ಊಟ ಮಾಡು," ಎಂದಳು.

ಡ್ರಿಪ್ಪುಗಳು ಮುಗಿಯುವ ಹೊತ್ತಿಗೆ ಬಲಗೈಯ ಬೆರಳ ತುದಿಗಳು ಮಂಕಾದವು. ಮೊದಲು ಇರುವೆ ಹರಿದಂತೆ. ಆಮೇಲೆ ಇರುವೆಯೂ ಇಲ್ಲ. ಕೊನೆಯ ಡ್ರಿಪ್ಪಾದ ಮೇಲೂ ಕೆಲವು ವಾರ ಅದು ಹೆಚ್ಚುತ್ತಲೇ ಹೋಯಿತು. ಹೀಗಾಗುವುದುಂಟು ಎಂದು ಸಿಂಚನಾ ಮೊದಲೇ ಹೇಳಿದ್ದಳು. ಕುಂಕುಮ ಎಷ್ಟು ಬಂತೆಂದು ಕಣ್ಣಿನಿಂದ ನೋಡಿ ತಿಳಿಯಬೇಕಾಯಿತು. ಎಡಗೈ ಮೊದಲಿನಂತೆಯೇ ಇತ್ತು. ಒಂದು ದಿನ ಗಿರಿಜಮ್ಮ ಹತ್ತಿಯ ಮುಂದೆ ಸುಮ್ಮನೆ ಕೂತಿದ್ದುದನ್ನು ನೋಡಿ ಅಮಿತಾ ಎದುರಿಗೆ ಬಂದು ಕೂತಳು.

"ಹೇಳಿಕೊಡು."

"ನಿನಗೆ? ಚಿಕ್ಕೋಳಿದ್ದಾಗ ಕೂರೇ ಅಂದ್ರೆ ಟಿವಿ ಮುಂದೆ ಓಡ್ತಿದ್ದೆ."

"ತಬ್ ಕೀ ಬಾತ್ ಔರ್ ಥೀ, ಆಗಿನ ಮಾತು ಬೇರೆ. ಈಗ ಕೂತಿದೀನಲ್ಲ, ಹೇಳಿಕೊಡು."

ಗಿರಿಜಮ್ಮ ಎಡಗೈಯಲ್ಲಿ ಎಳೆಯ ಒಂದು ತುದಿ ಹಿಡಿದರು. ಅಮಿತಾ ಬಲಗೈಯಲ್ಲಿ ಇನ್ನೊಂದು ತುದಿ ಹಿಡಿದು ಹೊಸೆದಳು. "ಅಷ್ಟಲ್ಲ, ಕಮ್ಮಿ. ಹಾಂ, ಅಲ್ಲಿ ನಿಲ್ಲಿಸು," ಎಂದು ಎಡಗೈಯ ಬೆರಳೇ ಹೇಳುತ್ತಿತ್ತು. ಅದಕ್ಕೂ ಅದು ತಿಳಿದಿದೆ ಎಂದು ಇಷ್ಟು ವರ್ಷ ಗಿರಿಜಮ್ಮನವರಿಗೆ ಗೊತ್ತಿರಲಿಲ್ಲ. ಆ ಗೆಜ್ಜೆವಸ್ತ್ರ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ನೋಡಿದವರು ನಗುವಂತಿತ್ತು. ಶ್ರೀನಿವಾಸನ ಕೊರಳಿಗೆ ಅದನ್ನೇ ಹಾಕಿದರು.

ಚಳಿ ಇಳಿದು, ರಸ್ತೆಯ ಬೂರುಗದ ಮರಗಳು ಕೆಂಪಾಗಿ ಹೂ ಬಿಟ್ಟಿದ್ದವು. ಮತ್ತೆ ಪರೀಕ್ಷೆಯ ದಿನ ಬಂತು. ಡ್ರಿಪ್ ಕೋಣೆಯನ್ನು ದಾಟಿ ಹೋಗುವಾಗ ಗಿರಿಜಮ್ಮ ಒಳಗೆ ಇಣುಕಿದರು. ಕೈಗವಸು ಹಾಕಿದ ಪ್ರತಿಯೊಬ್ಬರ ಎರಡು ಪಕ್ಕದಲ್ಲೂ ಒಂದೊಂದು ದಿಂಬಿತ್ತು. ಸಂಶೋಧನೆ ಮುಗಿಯಲು ಇನ್ನೂ ವರ್ಷಗಳು ಬೇಕಂತೆ. ಮೂಲೆಯಲ್ಲಿದ್ದ ಆ ಮುದುಕಿಯೂ ಶಾಲಿನಡಿ ಕೈ ಮುಗಿದೇ ಕೂತಿದ್ದಳೆಂದು ಆಮೇಲೆ ತಿಳಿದಿತ್ತಂತೆ.

ದೀಪಾಂಶು ಎಳೆಗಳನ್ನು ಮೇಜಿನ ಮೇಲೆ ಹರಡಿಕೊಂಡ. ಅವನಿಗೆ ಇವತ್ತಿಗೂ ಯಾವ ಕೈ ಎಂದು ಗೊತ್ತಿರಲಿಲ್ಲ.

"ಕಣ್ಣು ಮುಚ್ಚಿ ಅಮ್ಮಾಜಿ."

ಎಡಗೈ ಬೇಗ ಮುಗಿಯಿತು. ಬಲಗೈಯ ಹೆಬ್ಬೆರಳು: ಏನೂ ಇಲ್ಲ. ತೋರುಬೆರಳು: ಇಲ್ಲ. ಮಧ್ಯದ ಬೆರಳು: ಇಲ್ಲ. ಕುರ್ಚಿಯ ಹಿಂದೆ ನಿಂತಿದ್ದ ಅಮಿತಾಳ ಉಸಿರು ಅವರಿಗೆ ಕೇಳಿಸುತ್ತಿತ್ತು. ಹೂಂ ಎಂದುಬಿಡಬೇಕು, ಅವಳಿಗಾಗಿಯಾದರೂ, ಎಂದು ಒಂದು ಕ್ಷಣ ಅನ್ನಿಸಿತು.

"ಈಗ?" ಎಂದ ದೀಪಾಂಶು.

ಉಂಗುರದ ಬೆರಳು. ಎಲ್ಲೋ ಬಹಳ ದೂರದಲ್ಲಿ, ದಪ್ಪ ಕಂಬಳಿಯ ಆಚೆ, ಏನೋ ಒಂದು ಸುಳಿದಂತಾಯಿತು. ಅಥವಾ ಸುಳಿಯಲಿ ಎಂಬ ಆಸೆಯೋ?

"ತಡಿ," ಎಂದರು ಗಿರಿಜಮ್ಮ. "ಗೊತ್ತಾದ ಹಾಗಿದೆ. ಆದ್ರೆ ಖಾತ್ರಿಯಿಲ್ಲ. ಇನ್ನೊಂದ್ಸಲ ಮಾಡು."

ಸ್ವಲ್ಪ ಹೊತ್ತು ಬಿಟ್ಟು ಅವನು ಕೇಳಿದ: "ಈಗ?"

"ಇಲ್ಲ."

"ಈಗ?"

"ಇಲ್ಲ. ನೀನು ಮುಟ್ಟಲೇ ಇಲ್ಲ."

ಗಿರಿಜಮ್ಮ ಕಣ್ಣು ಮುಚ್ಚಿಕೊಂಡೇ ಕಾದರು. ಹೊರಗೆ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು. ಆಗ ಉಂಗುರದ ಬೆರಳಿನ ಎಡ ಅಂಚಿನಲ್ಲಿ, ಸಂಶಯಕ್ಕೆ ಎಡೆಯಿಲ್ಲದಂತೆ, ಒಂದು ಕೂದಲು ನಿಂತು ಬಾಗಿತು.

"ಹೂಂ," ಎಂದರು ಅವರು. "ಈಗ ಮುಟ್ಟಿದೆ. ಎಡಗಡೆ ಅಂಚು."